ಮುಖದ ಮೇಲೆ ಶೇಕಡಾ 18

ಮುಖಕ್ಕೂ ಜಿಎಸ್‌ಟಿ ಇದೆ. ಶೇಕಡಾ 18. ಹುಟ್ಟಿನಿಂದ ಬಂದ ದೋಷವೋ, ಬೆಳೆಯುವಾಗ ಆದ ಊನವೋ, ಅಪಘಾತದ ಗಾಯವೋ ಇದ್ದು ಅದನ್ನು ಸರಿಪಡಿಸಲು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡರೆ ಸರ್ಕಾರ ಕೈಯೊಡ್ಡುವುದಿಲ್ಲ. ವಯಸ್ಸಾಗಿ ಕೆನ್ನೆ ಜೋತುಬಿತ್ತೆಂದು ಎತ್ತಿಸಿಕೊಂಡರೆ ಮಾತ್ರ ಅದು ಶೋಕಿ. ಮೂರು ಲಕ್ಷದ ಮುಖಕ್ಕೆ 54,000 ರೂಪಾಯಿ ತೆರಿಗೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಓದಿ ಹೇಳಿದೆ. ನಮ್ಮಾಕೆ ಸಾರು ಬಡಿಸುತ್ತಲೇ ಪರಿಹಾರ ಸೂಚಿಸಿದಳು. "ನಿಮ್ಮದು ಹುಟ್ಟಿನಿಂದ ಬಂದದ್ದೇ ಅಂತ ಅತ್ತೆ ಕೈಲಿ ಒಂದು ಸರ್ಟಿಫಿಕೇಟ್ ಬರೆಸಿಕೊಳ್ಳಿ. 54,000 ಉಳಿಯತ್ತೆ."

ನನ್ನ ತಾಯಿಗೆ 88. ಬೇಕಾದ್ದು ಮಾತ್ರ ಕೇಳಿಸುತ್ತದೆ. ಇದು ಕೇಳಿಸಿತು. "ಹುಟ್ಟಿದಾಗ ಚೆನ್ನಾಗೇ ಇದ್ದ ಕಣಮ್ಮಾ. ನಿನ್ನ ಕೈಗೆ ಒಪ್ಪಿಸಿದಾಗಲೂ ಚೆನ್ನಾಗೇ ಇದ್ದ. ಆಮೇಲಿನದು ನಂಗೊತ್ತಿಲ್ಲ" ಎಂದು ಮಜ್ಜಿಗೆಯನ್ನಕ್ಕೆ ಕೈ ಹಾಕಿದರು.

64 ವರ್ಷ ನನ್ನ ಮುಖದ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಅಂಚೆ ಇಲಾಖೆಯ ಕಿಂಡಿಯ ಹಿಂದೆ ಕೂತು ಸರ್ವೀಸು ಮುಗಿಸಿದವನು ನಾನು. ಕಿಂಡಿಯಲ್ಲಿ ಜನ ಚಿಲ್ಲರೆ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ. ಕೆಡಿಸಿದ್ದು ಫೋನು. ಊಟದ ಮೇಜಿನ ಮೇಲೆ ಅದು ಅಂಗಾತ ಬಿದ್ದಿತ್ತು, ಬೆಂಗಳೂರಿನಿಂದ ಮಗಳ ವಿಡಿಯೊ ಕರೆ ಬಂತು, ನಾನು ಬಗ್ಗಿ ಒತ್ತಿದೆ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಯಾರೋ ಹಿರಿಯರು ಕಂಡರು. ಕೆನ್ನೆಗಳೆರಡೂ ಕಣ್ಣಿನ ಕೆಳಗಿನ ತಮ್ಮ ಜಾಗ ಖಾಲಿಮಾಡಿ ಬಾಯಿಯ ಅಕ್ಕಪಕ್ಕಕ್ಕೆ ವರ್ಗವಾಗಿ ಬಂದಿದ್ದವು. ದವಡೆ ಎಲ್ಲಿ ಮುಗಿಯಿತು, ಕುತ್ತಿಗೆ ಎಲ್ಲಿ ಶುರುವಾಯಿತು ಎಂಬುದಕ್ಕೆ ಗಡಿಕಲ್ಲೇ ಇರಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ಮೊಮ್ಮಗಳು ಕಿರುಚಿದಳು: "ಅಮ್ಮಾ, ತಾತ ಕರಗ್ತಾ ಇದಾರೆ!"

ಅಂದು ರಾತ್ರಿ ಹಾಸಿಗೆಯಲ್ಲಿ ಅಂಗಾತ ಮಲಗಿ ಫೋನನ್ನು ಮುಖದ ಮೇಲೆ ಹಿಡಿದು ನೋಡಿಕೊಂಡೆ. ಆಶ್ಚರ್ಯ! ಜೋತದ್ದೆಲ್ಲ ಕಿವಿಯ ಕಡೆ ಸರಿದು, ದವಡೆ ಮೂಡಿ, ಪ್ರೊಬೇಷನರಿಯಾಗಿ ಸೇರಿದಾಗಿನ ಮುಖ ಹಾಜರಾಗಿತ್ತು. ಇನ್ನು ಮುಂದೆ ಯಾರನ್ನು ಭೇಟಿಯಾಗುವುದಿದ್ದರೂ ಮಲಗಿಕೊಂಡೇ ಆಗಬಹುದಾದರೆ ಆಪರೇಷನ್ನು ಬೇಕಿರಲಿಲ್ಲ.

ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಹಿಡಿದು ಅಳಿಯನವರೆಗೆ ಏನನ್ನು ಆರಿಸಬೇಕಾದರೂ ಸರ್ವಸದಸ್ಯರ ಸಭೆ ಸೇರಬೇಕು. ಮುಖ ನನ್ನದಾದರೂ ದಿನಾ ನೋಡುವವರು ತಾವು, ಆದ್ದರಿಂದ ನನಗೆ ಮತದಾನದ ಹಕ್ಕಿಲ್ಲ ಎಂದು ಮೊದಲೇ ತೀರ್ಮಾನವಾಯಿತು. ಖರ್ಚು ಮಾತ್ರ ನನ್ನದೇ. ವಿಮೆಯವರು ಕೊಡುವುದಿಲ್ಲ. ಪಾಲಿಸಿ ಪುಸ್ತಕದ ಸಣ್ಣಕ್ಷರಗಳಲ್ಲಿ ಯಾವುದಕ್ಕೆ ದುಡ್ಡು ಬರುವುದಿಲ್ಲ ಎಂಬ ಪಟ್ಟಿಯಲ್ಲಿ ಸೌಂದರ್ಯದ ಸರ್ಜರಿಗೆ ಎಂಟನೆಯ ಸಂಕೇತ ಸಂಖ್ಯೆಯನ್ನೇ ಕೊಟ್ಟು ಕೂರಿಸಿದ್ದಾರೆ.

ಭಾವಮೈದನ ಮತ ದಾರದ ಚಿಕಿತ್ಸೆಗೆ. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ; ಗೊತ್ತಿದ್ದರೆ ಚೆನ್ನಾಗಿತ್ತು ಅನಿಸುವಂಥದ್ದು ಬೇಕಾದಷ್ಟಿದೆ. "ಥ್ರೆಡ್ ಲಿಫ್ಟ್ ಭಾವ. ಕತ್ತರಿಯಿಲ್ಲ, ರಕ್ತವಿಲ್ಲ. ಸಣ್ಣ ಸಣ್ಣ ಮುಳ್ಳಿರೋ ದಾರಾನ ಸೂಜೀಲಿ ಚರ್ಮದ ಕೆಳಗೆ ತೂರಿಸಿ ಎಳೀತಾರೆ. ಮಧ್ಯಾಹ್ನ ಊಟದ ಬಿಡುವಲ್ಲಿ ಹೋಗಿ ಬರಬಹುದು." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಮಗಳು ಹೇಳಿದಳು. ಆ ದಾರ, ಗಾಯ ಹೊಲಿಯಲು ಬಳಸುವ, ಮೈಯಲ್ಲೇ ಕರಗುವ ಜಾತಿಯದು. ಆರು ತಿಂಗಳ ಸುಮಾರಿಗೆ ದಾರ ಮಾಯ, ಹಿಂದೆಯೇ ಕೆನ್ನೆಯೂ ತನ್ನ ಊರಿಗೆ ವಾಪಸ್ಸು. ಅಲ್ಲದೆ ಚೂರು ಜೋತವರಿಗೆ ಅದು ಸರಿ, ನನ್ನಷ್ಟು ಮುಂದುವರಿದವರಿಗಲ್ಲ.

ಮಗಳದು ಡೀಪ್ ಪ್ಲೇನ್. ಈಗ ಹಾಲಿವುಡ್ಡಿನವರ ಬಗ್ಗೆ ಪಿಸುಗುಟ್ಟುವಾಗೆಲ್ಲ ಕೇಳಿಬರುವ ಹೆಸರು ಅದೇ. "ಮಾಡಿಸಿದರೆ ಸರಿಯಾಗಿ ಮಾಡಿಸಿ ಅಪ್ಪಾ" ಎಂದಳು, ಸ್ಕೂಟರಿನ ಎಂಜಿನ್ ಬಿಚ್ಚಿಸುವ ಧ್ವನಿಯಲ್ಲಿ. ಅಳಿಯ ಮಿನಿ ಲಿಫ್ಟ್ ಎಂದರು; ಚಿಕ್ಕ ಗಾಯ, ಚಿಕ್ಕ ಬಿಲ್ಲು. ನಮ್ಮಾಕೆ ಮಾತ್ರ ಕುತ್ತಿಗೆಯ ಪಕ್ಷ. ಗಲ್ಲದ ಕೆಳಗೆ ಕೊಯ್ದು, ಎರಡು ಕಡೆಗೆ ಸಡಿಲವಾಗಿ ಬಿಟ್ಟುಕೊಂಡ ತೆಳು ಸ್ನಾಯುವಿನ ಅಂಚುಗಳನ್ನು ನಡುವೆ ಸೇರಿಸಿ ಹೊಲಿಯುವ ಕ್ರಮ ಒಂದಿದೆಯಂತೆ. "ಅದೊಂದೇ ಸಾಕು. ಮುಖ ಹೇಗಾದರೂ ಇರಲಿ, ಅಭ್ಯಾಸವಾಗಿದೆ. ಆ ಕುತ್ತಿಗೆ ಬಂದು ಕಾಲರ್ ಮೇಲೆ ಕೂತು ಬೆವರಿನ ಕರೆ ಆಗತ್ತಲ್ಲ, ಅದನ್ನು ಉಜ್ಜೋಳು ನಾನು."

ಅಮ್ಮನ ಮತ ಹರಳೆಣ್ಣೆಗೆ.

ಇಷ್ಟೆಲ್ಲ ಆದಮೇಲೆ ನಾನೂ ಸುಮ್ಮನೆ ಕೂರಲಿಲ್ಲ. ಓದಿದೆ. ಈ ವಿದ್ಯೆ ಶುರುವಾದದ್ದು 1901ರಲ್ಲಿ ಬರ್ಲಿನ್ನಿನಲ್ಲಂತೆ. ಪೋಲೆಂಡಿನ ಒಬ್ಬ ಶ್ರೀಮಂತ ಮನೆತನದ ಹೆಂಗಸು ಡಾ. ಹೊಲೆಂಡರ್ ಎಂಬವರ ಬೆನ್ನು ಬಿದ್ದು, ಕಿವಿಯ ಮುಂದೆ ಒಂದಿಷ್ಟು ಚರ್ಮ ಕತ್ತರಿಸಿ ಹೊಲಿದುಬಿಡಿ, ಬಾಯಿಯ ಮೂಲೆ ಮೇಲೇಳುತ್ತದೆ ಎಂದು ಒತ್ತಾಯಿಸಿದಳು. ಆತ ಅವಳು ಹೇಳಿದಂತೆ ಮಾಡಿದ. "ನೋಡಿದ್ರಾ, ಹೆಂಗಸು ಹೇಳಿದ ಮೇಲೇ ಹೊಳೆದದ್ದು" ಎಂದಳು ನಮ್ಮಾಕೆ. ಪ್ಯಾರಿಸ್ಸಿನಲ್ಲಿ ಸುಜಾನ್ ನೋಯೆಲ್ ಎಂಬ ವೈದ್ಯೆ ಕನ್ನಡಿಯ ಮುಂದೆ ನಿಂತು ತನ್ನ ಮುಖದ ಚರ್ಮವನ್ನೇ ಅಲ್ಲಲ್ಲಿ ಚಿವುಟಿ ಎಳೆದು, ಎಲ್ಲಿ ಎಳೆದರೆ ಎಲ್ಲಿ ಏಳುತ್ತದೆ ಎಂದು ಕಲಿತಳಂತೆ. ವಯಸ್ಸು ಕಂಡ ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಿದ್ದ ಹೆಂಗಸರಿಗೆ ಆಕೆಯ ಕೈಯಿಂದ ಉಪಕಾರವಾಯಿತು. ನಾನಾದರೋ ಕೆಲಸ ಮುಗಿಸಿ ಬಂದವನು. ಯಾರೂ ನನ್ನನ್ನು ಮುಖ ನೋಡಿ ತೆಗೆದುಹಾಕಲಾರರು, ಹೆಂಡತಿಯನ್ನು ಬಿಟ್ಟು.

"ಬರ್ಲಿನ್ನೂ ಇಲ್ಲ, ಪ್ಯಾರಿಸ್ಸೂ ಇಲ್ಲ ಭಾವ, ಇದೆಲ್ಲ ಸುಶ್ರುತ ಆಗಲೇ ಮಾಡಿದ್ದ" ಎಂದ ಭಾವಮೈದ. ಸುಶ್ರುತ ಸಂಹಿತೆಯಲ್ಲಿ ಹೋದ ಮೂಗನ್ನು ಕಟ್ಟುವ ಕ್ರಮವಿದೆ, ಹರಿದ ಕಿವಿಹಾಲೆಯನ್ನು ಕೂಡಿಸಲು ಹದಿನೈದು ಬಗೆಗಳಿವೆ. ಆದರೆ ಅಲ್ಲಿ ಕೆನ್ನೆ ಕಚ್ಚಾಮಾಲು. ಮೂಗಿಗೂ ಕಿವಿಗೂ ಚರ್ಮ ಒದಗಿಸಬೇಕಾದ ಗೋದಾಮು. ನಮ್ಮ ಮೈಸೂರಿಗೆ ಈ ಶಾಸ್ತ್ರದಲ್ಲಿ ಬೇರೊಂದು ಸ್ಥಾನವಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಒಬ್ಬ ಕಸುಬಿನವನು ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಆ ಸುದ್ದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರಸಹಿತ ಅಚ್ಚಾಗಿ ಯುರೋಪಿನ ಸರ್ಜನ್ನರ ಕಣ್ಣು ತೆರೆಸಿತು. ಅಂದರೆ ಹೊಲಿದ ಕೀರ್ತಿ ಪುಣೆಗೆ, ಕತ್ತರಿಸಿ ಅವಕಾಶ ಮಾಡಿಕೊಟ್ಟ ಕೀರ್ತಿ ನಮಗೆ.

ಬೆಂಗಳೂರಿನ ಡಾಕ್ಟರನ್ನು ಆರಿಸಿದ್ದು ಮಗಳು. ಎಂಬಿಬಿಎಸ್, ಎಂಎಸ್ ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರೇ ಆಗಬೇಕು, ಬ್ಯೂಟಿ ಪಾರ್ಲರಿನ ಮಾಳಿಗೆಯಲ್ಲಿ ಕೂತವರಾಗಬಾರದು ಎಂಬುದು ಅವಳ ಷರತ್ತು. ನಮ್ಮಾಕೆ, ಭಾವಮೈದ, ನಾನು ರೈಲಿನಲ್ಲಿ ಹೋದೆವು.

ಡಾಕ್ಟರು ಮೃದು ಮಾತಿನವರು. ನನ್ನ ಕೈಗೊಂದು ಕನ್ನಡಿ ಕೊಟ್ಟು, "ಹೇಳಿ ಸರ್, ನಿಮಗೆ ಏನು ಸರಿಯಿಲ್ಲ ಅನಿಸತ್ತೆ?" ಎಂದರು.

"ಎಲ್ಲಿಂದ ಶುರುಮಾಡೋಣ?" ಎಂದಳು ನಮ್ಮಾಕೆ.

ನಾನು ತೋರಿಸುತ್ತ ಹೋದೆ. ಹಣೆಯ ಗೆರೆ. ಅದು ಫೇಸ್‌ಲಿಫ್ಟಿನಿಂದ ಹೋಗುವುದಿಲ್ಲ ಸರ್, ಅದಕ್ಕೆ ಹುಬ್ಬಿನ ಸರ್ಜರಿ ಬೇರೆ, ಇಲ್ಲವೇ ಬೊಟಾಕ್ಸ್. ಕಣ್ಣಿನ ಕೆಳಗಿನ ಚೀಲ. ಅದಕ್ಕೆ ರೆಪ್ಪೆಯ ಸರ್ಜರಿ ಬೇರೆ. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿದ ಮಡಿಕೆ. ಅದು ಸ್ವಲ್ಪ ಕಮ್ಮಿಯಾಗಬಹುದು, ಪೂರ್ತಿ ಹೋಗುವುದಿಲ್ಲ. ತುಟಿಯ ಮೇಲಿನ ಸಣ್ಣ ನಿರಿಗೆ. ಅದು ಲೇಸರಿನವರ ಇಲಾಖೆ. ನನಗೆ ನನ್ನ ಹಳೆಯ ಕಚೇರಿಯಲ್ಲೇ ಇದ್ದಂತಾಯಿತು: ನಾನು ಕೇಳಿದ್ದೆಲ್ಲ ಬೇರೆ ಕೌಂಟರಿನದು.

"ಹಾಗಾದರೆ ಇದರಲ್ಲಿ ಸರಿಹೋಗೋದೇನು?"

"ದವಡೆಯ ಕೆಳಗೆ ಜೋತದ್ದು, ಕುತ್ತಿಗೆ. ಅಷ್ಟೇ."

ಎರಡು ಬೆರಳಿನಿಂದ ನನ್ನ ಕೆನ್ನೆ ಹಿಡಿದು ಕಿವಿಯ ಕಡೆಗೆ ಎಳೆದರು. ಕನ್ನಡಿಯಲ್ಲಿ ಬಿರುಗಾಳಿಗೆ ಮುಖವೊಡ್ಡಿದ ಒಬ್ಬ ಮನುಷ್ಯ ಕಂಡ. "ಇದು ಹಳೇ ಕ್ರಮ. ಚರ್ಮ ಮಾತ್ರ ಹಿಂದಕ್ಕೆಳೆದು ಹೆಚ್ಚಾದದ್ದನ್ನು ಕತ್ತರಿಸೋದು. ಚರ್ಮಕ್ಕೆ ಹಿಗ್ಗೋ ಗುಣ ಇದೆ, ಬೇಗ ಜೋತುಬಿಡತ್ತೆ. ಬಿಗಿ ಜಾಸ್ತಿ ಆದರೆ ಕಿವಿಹಾಲೆ ಕೆಳಕ್ಕೆ ಎಳೆದುಕೊಂಡು ಕೆನ್ನೆಗೆ ಅಂಟಿಕೊಂಡ ಹಾಗೆ ಕಾಣತ್ತೆ." ಆಮೇಲೆ ಚರ್ಮದ ಕೆಳಗಿನ ಪದರದ ಕಥೆ. ಮುಖದ ಸ್ನಾಯುಗಳಿಗೆ ಹೊದಿಕೆಯಾಗಿ ಒಂದು ಗಟ್ಟಿ ಹಾಳೆಯಿದೆ. ಸ್ಮಾಸ್ ಎಂದು ಅದರ ಹೆಸರು. 1976ರಲ್ಲಿ ಮಿಟ್ಸ್ ಮತ್ತು ಪೆರೋನಿ ಎಂಬ ಇಬ್ಬರು ಫ್ರೆಂಚರು ಅದನ್ನು ವಿವರಿಸಿದ ಮೇಲೆ ಎಳೆಯುವ ಕೆಲಸವೆಲ್ಲ ಆ ಪದರದ ಮೇಲೆ ಬಿತ್ತು. ಚರ್ಮ ಸುಮ್ಮನೆ ಮೇಲೆ ಹಾಸಿಕೊಳ್ಳುತ್ತದೆ.

"ಹಾಸಿಗೆಯಲ್ಲಿ ಹತ್ತಿ ಗಂಟುಕಟ್ಟಿ ಒಂದು ಕಡೆ ಕೂತಿದ್ದರೆ ಮೇಲಿನ ದುಪ್ಪಟಿ ಎಷ್ಟು ಬಿಗಿಯಾಗಿ ಸಿಕ್ಕಿಸಿದರೂ ಗುಂಡಿ ಹೋಗಲ್ಲ, ಅಷ್ಟೇ ತಾನೆ?" ಎಂದಳು ನಮ್ಮಾಕೆ.

ಡಾಕ್ಟರ ಮುಖ ಅರಳಿತು. ಅಲ್ಲಿಂದ ಮುಂದೆ ಅವರು ನನ್ನ ಕಡೆ ತಿರುಗಲಿಲ್ಲ. ನನ್ನ ಮುಖದ ಬಗ್ಗೆ ಅವಳೊಂದಿಗೇ ಮಾತಾಡಿದರು. ಆ ಹಾಳೆಯನ್ನು ಬಿಚ್ಚದೆ ಮಡಿಸಿ ಹೊಲಿಯುವುದು ಒಂದು. ಕಿವಿಯ ಮುಂದೆ ಒಂದು ಪಟ್ಟಿ ಕತ್ತರಿಸಿ ತೆಗೆದು ಅಂಚು ಕೂಡಿಸುವುದು ಇನ್ನೊಂದು. ಚಿಕ್ಕ ಗಾಯದಲ್ಲೇ ಗಟ್ಟಿ ದಾರದ ಕುಣಿಕೆಗಳನ್ನು ಹಾಕಿ ಕೆನ್ನೆಯನ್ನು ಹಿಂದಕ್ಕಲ್ಲ, ನೆಟ್ಟಗೆ ಮೇಲಕ್ಕೆ, ಕಣತಲೆಯ ಕಡೆಗೆ ಎತ್ತಿ ಕಟ್ಟುವುದು ಮ್ಯಾಕ್ಸ್ ಲಿಫ್ಟ್; ಬೆಲ್ಜಿಯಮ್ಮಿನ ಇಬ್ಬರು ಸರ್ಜನ್ನರದು, 2002ರಿಂದ ಬಳಕೆಯಲ್ಲಿದೆ. ಮಗಳ ಡೀಪ್ ಪ್ಲೇನಿನಲ್ಲಿ ಆ ಹಾಳೆಯ ಕೆಳಕ್ಕೇ ಇಳಿದು, ಅದನ್ನು ಮೂಳೆಗೆ ಬಿಗಿದಿಟ್ಟ ಕಟ್ಟುಗಳನ್ನು ಬಿಡಿಸಿ, ಚರ್ಮ ಕೊಬ್ಬು ಎಲ್ಲವನ್ನೂ ಒಂದೇ ದಪ್ಪವಾಗಿ ಮೇಲಕ್ಕೆ ಸರಿಸುತ್ತಾರೆ. ಅಮೆರಿಕದ ಹಾಮ್ರ ಎಂಬ ಸರ್ಜನ್ನು 1990ರಲ್ಲಿ ಆ ಹೆಸರಿಟ್ಟು ಬರೆದರು. ಮುಖ ನಡೆಸುವ ನರ ಅಲ್ಲೇ ಪಕ್ಕದಲ್ಲಿ ಓಡಾಡುತ್ತದೆ, ಆದ್ದರಿಂದ ಪಳಗಿದ ಕೈಯೇ ಬೇಕು.

"ನರಕ್ಕೆ ಪೆಟ್ಟಾದರೆ?"

"ಬಾಯಿ ಒಂದು ಕಡೆ ವಾಲಬಹುದು. ಬಹಳ ಅಪರೂಪ, ಬಹುಪಾಲು ತಾನೇ ಸರಿಹೋಗತ್ತೆ. ಹೆಚ್ಚಾಗಿ ತೊಂದರೆ ಆಗೋದು ಕಿವಿಯ ನರಕ್ಕೆ. ಕಿವಿಹಾಲೆ ಮರಗಟ್ಟಿದಂತೆ, ಏನೂ ಗೊತ್ತಾಗದಂತೆ ಇರಬಹುದು."

"ಕಿವಿಗೆ ಏನೂ ಗೊತ್ತಾಗದೇ ಇರೋದು ಮದುವೆಯಾದಾಗಿನಿಂದ ಇದೆ. ಅದನ್ನು ನಿಮ್ಮ ಲೆಕ್ಕಕ್ಕೆ ಹಾಕಲ್ಲ, ಬಿಡಿ" ಎಂದು ಅವಳು ಡಾಕ್ಟರಿಗೆ ಅಭಯ ಕೊಟ್ಟಳು.

ಗಂಡಸರದೇ ಒಂದು ವಿಶೇಷ ಫಜೀತಿಯಿದೆ. ಕೆನ್ನೆಯ ಚರ್ಮ ಕಿವಿಯ ಕಡೆ ಸರಿದಾಗ ಗಡ್ಡ ಸುಮ್ಮನೆ ಹಿಂದೆ ಉಳಿಯುವುದಿಲ್ಲ, ಜೊತೆಗೇ ಹೊರಡುತ್ತದೆ. ಜಾಗ್ರತೆಯಾಗಿ ಕೊಯ್ಯದಿದ್ದರೆ ಕಿವಿಯ ಮುಂದಿನ ಪುಟ್ಟ ಗುಬುಟಿನ ಮೇಲೂ ಗಡ್ಡ ಬರಬಹುದು. ಕಿವಿಯ ಹಿಂದೆಯಂತೂ ಹೆರೆಯಬೇಕಾಗಬಹುದು. ನಮ್ಮ ವಂಶದಲ್ಲಿ ಕಿವಿಯ ಹಿಂದೆ ಷೇವ್ ಮಾಡಿಕೊಂಡವರು ಯಾರೂ ಇಲ್ಲ. ಇರುವ ಗಡ್ಡವನ್ನೇ ಅಲ್ಲಲ್ಲಿ ಬಿಟ್ಟು ಬರುವ ನಾನು, ಕಾಣದ ಜಾಗದ ಗಡ್ಡವನ್ನು ಯಾವ ಕನ್ನಡಿಯಲ್ಲಿ ಹುಡುಕಲಿ? ಗಡ್ಡದ ಚರ್ಮಕ್ಕೆ ರಕ್ತನಾಳ ಹೆಚ್ಚಂತೆ, ಆದ್ದರಿಂದ ಒಳಗೆ ರಕ್ತ ಕಟ್ಟಿಕೊಳ್ಳುವ ಅಪಾಯವೂ ಗಂಡಸರಿಗೇ ಹೆಚ್ಚು. ನನಗೋ ಬಿಪಿ. ಅದು ಹತೋಟಿಗೆ ಬಾರದೆ ಕತ್ತಿ ಮುಟ್ಟುವಂತಿಲ್ಲ ಎಂದರು. ಹೃದಯದವರು ಬರೆದುಕೊಟ್ಟ ಆಸ್ಪಿರಿನ್ನಿನ ಬಗ್ಗೆ ಅವರನ್ನೇ ಕೇಳಿ ತೀರ್ಮಾನಿಸಬೇಕು.

"ಆದಮೇಲೆ ಎರಡು ವಾರ ಊತ, ನೀಲಿ ಕಲೆ ಇರತ್ತೆ. ಮನೆಯಲ್ಲೇ ಇರಬೇಕು."

ನಮ್ಮಾಕೆಯ ಮುಖ ಬಾಡಿತು. "ಎರಡು ವಾರ ಪೂರ್ತಿ ಮನೆಯಲ್ಲೇ ಇರ್ತಾರಾ?"

"ಮೊದಮೊದಲು ಜಾಸ್ತಿ ಮಾತಾಡಬಾರದು, ಗಟ್ಟಿ ಪದಾರ್ಥ ಜಗಿಯಬಾರದು."

ಬಾಡಿದ್ದು ಮತ್ತೆ ಅರಳಿತು. "ಡೇಟ್ ಯಾವಾಗ ಕೊಡ್ತೀರಿ ಡಾಕ್ಟ್ರೇ?"

ಇಲ್ಲಿಗೆ ನನ್ನ ಮುಖದ ಭವಿಷ್ಯ ಹೆಚ್ಚುಕಡಿಮೆ ನಿರ್ಧಾರವಾಗಿತ್ತು. ಡಾಕ್ಟರು ಪೆನ್ನು ತೆಗೆದು ಕೊನೆಯ ಪ್ರಶ್ನೆಗೆ ಬಂದರು. "ಸಿಗರೇಟು ಸೇದ್ತೀರಾ ಸರ್?"

"ಇಲ್ಲ" ಎಂದೆ.

"ಇದರಲ್ಲಿ ಸಂಕೋಚ ಮಾಡಿಕೊಳ್ಳಬಾರದು. ಹೊಗೆಗೆ ಸಣ್ಣ ರಕ್ತನಾಳಗಳು ಮುದುರಿಕೊಳ್ತವೆ. ಎಬ್ಬಿಸಿ ಎಳೆದ ಚರ್ಮಕ್ಕೆ ರಕ್ತ ಸಾಲದೆ ಕಿವಿಯ ಹಿಂದೆ ಕಪ್ಪಾಗಿ ಕಳಚಿಕೊಂಡು ಬರಬಹುದು. ಕನಿಷ್ಠ ನಾಲ್ಕು ವಾರ ಮುಂಚೆಯೇ ಪೂರ್ತಿ ಬಿಟ್ಟಿರಬೇಕು."

ಭಾವಮೈದನಿಗೆ ರಕ್ತದ ಮಾತೆಂದರೆ ಜೀವ ಬಾಯಿಗೆ ಬರುತ್ತದೆ. "ಭಾವ, ಹೇಳಿಬಿಡಿ ಭಾವ. ಚರ್ಮ ಕಳಚೋದಂದ್ರೆ ಹುಡುಗಾಟವಲ್ಲ. ಕುಕ್ಕರಹಳ್ಳಿ ಕೆರೆ ಹತ್ರ ನಾವು ದಿನಾ..." ಎಂದವನು 'ನಾವು' ಎಂಬಲ್ಲಿ ತಾನೂ ಸಿಕ್ಕಿಬಿದ್ದದ್ದು ಹೊಳೆದು ಬಾಯಿ ಹಾಗೇ ತೆರೆದುಕೊಂಡು ಕೂತ.

ಆಮೇಲೆ ಆ ಕೋಣೆಯಲ್ಲಿ ಸ್ಮಾಸಿನ ಸುದ್ದಿ ಬರಲಿಲ್ಲ. "ಅದಕ್ಕೇ ವಾಕಿಂಗ್ ಮುಗಿಸಿ ಬಂದು ಏಲಕ್ಕಿ ಹುಡುಕ್ತಿದ್ದದ್ದು" ಎಂದಷ್ಟೇ ಅಂದಳು, ಯಾರಿಗೆಂದಿಲ್ಲದೆ. ಡಾಕ್ಟರು ಅನುಭವಸ್ಥರು, ಸಿಟ್ಟಿನ ಹೆಂಗಸಿನ ಎದುರು ಏನು ಹೇಳಬೇಕೋ ಅದನ್ನೇ ಹೇಳಿದರು. "ಮೇಡಂ, ನಿಮ್ಮ ಸ್ಕಿನ್ ತುಂಬಾ ಚೆನ್ನಾಗಿದೆ. ನಿಮಗೆ ಇನ್ನೂ ಹತ್ತು ವರ್ಷ ಏನೂ ಬೇಕಾಗಲ್ಲ." ಆ ಒಂದು ವಾಕ್ಯಕ್ಕೆ ನಾನು ತೆತ್ತದ್ದು ಡಾಕ್ಟರ ಪೂರ್ತಿ ಫೀಸು. ನಮ್ಮ ನೆಂಟರಲ್ಲಿ ಈಗ ಅದನ್ನು ಕೇಳದವರು ಉಳಿದಿಲ್ಲ. ನನ್ನ ಮುಖದ ವಿಷಯ ಏನಾಯಿತೆಂದು ಅವರ್ಯಾರೂ ವಿಚಾರಿಸಿಲ್ಲ. ವಾಪಸ್ಸು ಬರುವಾಗ ರೈಲು ಮದ್ದೂರಿನಲ್ಲಿ ನಿಂತಾಗ ಒಂದೇ ಒಂದು ವಡೆ ಕೊಂಡು, ಎದುರಿಗೆ ಕೂತ ಇಬ್ಬರು ಅಪರಾಧಿಗಳನ್ನೂ ನೋಡುತ್ತಾ ನಿಧಾನವಾಗಿ ಮುರಿದು ತಿಂದಳು.

ಆಪರೇಷನ್ನಿನ ಮಾತು ಸಿಗರೇಟಿನ ನಾಲ್ಕು ವಾರದ ಉಪವಾಸದ ಆಚೆಗೆ ಹೋಯಿತು. ಅಷ್ಟರಲ್ಲಿ ನವೆಂಬರ್ ಬಂತು. ನವೆಂಬರ್ ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಮಾಡಬೇಕಾದ ತಿಂಗಳು. 2021ರಿಂದ ಇದನ್ನು ಮನೆಯಲ್ಲೇ ಕೂತು, ಫೋನಿಗೆ ಮುಖ ತೋರಿಸಿ ಮುಗಿಸಬಹುದು. ಆಧಾರ್‌ನಲ್ಲಿರುವ ಮುಖಕ್ಕೆ ಇದು ತಾಳೆಯಾಗಬೇಕು, ಅಷ್ಟೆ. ಮಗಳಿಗೆ ಹೊಸ ಚಿಂತೆ ಹತ್ತಿತ್ತು. ಪ್ಲಾಸ್ಟಿಕ್ ಸರ್ಜರಿಯಾದ ಮುಖಗಳ ಮುಂದೆ ಗುರುತು ಹಿಡಿಯುವ ತಂತ್ರಾಂಶಗಳು ತಡವರಿಸುತ್ತವೆ ಎಂದು ದೆಹಲಿಯ ಐಐಐಟಿ ಸಂಶೋಧಕರು 2010ರಲ್ಲೇ ಬರೆದಿದ್ದಾರಂತೆ. "ಮುಖ ಎತ್ತಿಸಿಕೊಂಡು ಪಿಂಚಣಿ ಬೀಳಿಸಿಕೊಳ್ಳಬೇಡಿ ಅಪ್ಪಾ. ಇರೋ ಮುಖದಲ್ಲೇ ಮೊದಲು ಅದನ್ನು ಮುಗಿಸಿ."

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಏರ್ಪಾಡಾಯಿತು. ಭಾವಮೈದ ತನ್ನ ಮುಖ ತೋರಿಸಿ ಆಪರೇಟರ್ ಆದ. ಅವನನ್ನು ಫೋನು ಒಂದೇ ಏಟಿಗೆ ಒಪ್ಪಿಕೊಂಡಿತು. ನನ್ನ ಸರದಿ. ಪರದೆಯ ಗುಂಡಗಿನ ಚೌಕಟ್ಟಿನೊಳಗೆ ಮುಖ ತಂದೆ. ಕಣ್ಣು ಮಿಟುಕಿಸಿ ಎಂದಿತು. ಮಿಟುಕಿಸಿದೆ. ಮತ್ತೆ ಮಿಟುಕಿಸಿ ಎಂದಿತು. ಮೇಲಿನ ರೆಪ್ಪೆ ಇಳಿದು, ಕೆಳಗಿನ ಚೀಲ ಮೇಲೆದ್ದು, ನನ್ನ ಕಣ್ಣು ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ಸರ್ವೀಸಿನಲ್ಲಿದ್ದಾಗ ಮೀಟಿಂಗುಗಳಲ್ಲಿ ಇದರ ಲಾಭ ಪಡೆದಿದ್ದೇನೆ. ಫೋನು ಮಾತ್ರ ಮೇಲಧಿಕಾರಿಗಳಷ್ಟು ಉದಾರಿಯಾಗಿರಲಿಲ್ಲ.

"ಬದುಕಿದೀನಿ ಅಂತ ಬಾಯಲ್ಲಿ ಹೇಳೋ" ಎಂದರು ಅಮ್ಮ, ಒಳಗಿನಿಂದ.

ಕೊನೆಗೆ ಭಾವಮೈದ ಸೋಫಾದ ಹಿಂದೆ ಮಂಡಿಯೂರಿ ಕೂತು ನನ್ನ ಮುಖಕ್ಕೆ ಕೈ ಹಾಕಿದ. "ಹಿಂದಕ್ಕೆ ಎಳೀಬೇಡ್ವೋ, ಅದು ಹಳೇ ಕ್ರಮ" ಎಂದಳು ನಮ್ಮಾಕೆ, ಫೋನು ಹಿಡಿದುಕೊಂಡು. "ಕಣತಲೆ ಕಡೆಗೆ, ನೆಟ್ಟಗೆ ಮೇಲಕ್ಕೆ. ಹುಬ್ಬನ್ನೂ ಸೇರಿಸಿಕೋ. ಬೆರಳು ಕಾಣಿಸ್ತಿದೆ, ಕೂದಲೊಳಗೆ ಬಚ್ಚಿಟ್ಟುಕೋ. ಕೂದಲೆಲ್ಲಿದೆ ಅನ್ನಬೇಡ, ಇರೋದ್ರಲ್ಲೇ ಬಚ್ಚಿಟ್ಟುಕೋ. ಹಾಂ! ಈಗ ನೋಡಿ, ಮದುವೆ ಫೋಟೊದಲ್ಲಿದ್ದ ಹಾಗೇ ಇದೀರ. ಮಿಟುಕಿಸಿ."

ಮಿಟುಕಿಸಿದೆ. ಚೌಕಟ್ಟು ಹಸಿರಾಯಿತು. ಭಾವಮೈದ ನಿಟ್ಟುಸಿರು ಬಿಟ್ಟು ಕೈ ಸಡಿಲಿಸಹೊರಟ.

"ಬಿಡಬೇಡ್ವೋ!" ಎಂದಳು ಅವನಕ್ಕ. "ಇನ್ನೂ ಸಬ್ಮಿಟ್ ಆಗಿಲ್ಲ."